ರಘೋತ್ತಮನ ಹೊಟ್ಟೆಯ ಮೇಲಿನ ಅಕ್ಕಿ

ಚಿಕಾಗೋ ಬಳಿಯ ಶಾಮ್‌ಬರ್ಗಿನ ಕನ್ನಡಿಗರಲ್ಲಿ ರಘೋತ್ತಮನಿಗೆ ಜಿಪುಣನೆಂಬ ಹೆಸರು ಬಂದದ್ದು ಟೋಲ್ ರಸ್ತೆಯ ದೆಸೆಯಿಂದ. ಅವನು ಎಲ್ಲಿಗೆ ಹೊರಟರೂ ಎಕ್ಸ್‌ಪ್ರೆಸ್‌ವೇ ಹತ್ತುತ್ತಿರಲಿಲ್ಲ. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿದು, ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು, ಊರೂರಿನ ಲೈಬ್ರರಿ, ಫೈರ್ ಸ್ಟೇಷನ್ನು, ಸ್ಮಶಾನಗಳ ದರ್ಶನ ಮಾಡಿಕೊಂಡು ಬರುತ್ತಿದ್ದ. ಯಾರಾದರೂ ಕೇಳಿದರೆ "ಟೋಲ್ ಯಾಕೆ ಸುಮ್ನೆ ಕೊಡೋದು?" ಎಂದು ನಗುತ್ತಿದ್ದ. ಹೇಡಿ ಎನ್ನಿಸಿಕೊಳ್ಳುವುದಕ್ಕಿಂತ ಜಿಪುಣ ಎನ್ನಿಸಿಕೊಳ್ಳುವುದು ಮೇಲೆಂದು ಅವನ ತೀರ್ಮಾನ. ಜಿಪುಣನಿಗೆ ನಮ್ಮವರಲ್ಲಿ ಒಳಗೊಳಗೇ ಒಂದು ಮರ್ಯಾದೆಯಿದೆ. ಹೇಡಿಗೆ ಅದೂ ಇಲ್ಲ.

ನಿಜ ಸಂಗತಿ ಇಷ್ಟೇ. ಎರಡು ಚಳಿಗಾಲದ ಹಿಂದೆ, ಹಿಮ ಬೀಳುತ್ತಿದ್ದ ಒಂದು ಸಂಜೆ, ಎಕ್ಸ್‌ಪ್ರೆಸ್‌ವೇಯಲ್ಲಿ ಅವನ ಪುಟ್ಟ ಕಾರು ಎರಡು ಟ್ರೇಲರ್ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಎಡಕ್ಕೊಂದು ಗೋಡೆ, ಬಲಕ್ಕೊಂದು ಗೋಡೆ, ಎರಡೂ ಅರವತ್ತೈದು ಮೈಲಿಯಲ್ಲಿ ಓಡುತ್ತಿರುವ ಗೋಡೆಗಳು. ಆಮೇಲೆ ಏನಾಯಿತೆಂದರೆ ಏನೂ ಆಗಲಿಲ್ಲ. ಲಾರಿಗಳು ಮುಂದೆ ಹೋದವು, ಇವನು ಮನೆಗೆ ಬಂದ. ಅವನ ನಾಚಿಕೆಯೂ ಅದಕ್ಕೇ. ಬಂಪರ್ ಕಿತ್ತುಹೋಗಿದ್ದರೂ ಹೇಳಿಕೊಳ್ಳಲು ಒಂದು ಕಥೆ ಇರುತ್ತಿತ್ತು. ಅಂದಿನಿಂದ ರ್ಯಾಂಪಿನ ಹಸಿರು ಬೋರ್ಡು ಕಂಡರೆ ಸಾಕು, ಉಸಿರು ಗಂಟಲಿಗೆ ಹತ್ತಿ, ಸಿಟಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತವನ ಹಾಗೆ, ಒಳಗೂ ಹೋಗದೆ ಕೆಳಗೂ ಇಳಿಯದೆ ನೇತಾಡುತ್ತಿತ್ತು.

ಇಂಥವನೇ ಆಫೀಸಿನಲ್ಲಿ ಉಸಿರಾಟದ ಗುರುವಾಗಿದ್ದ. ಅವನ ಉದ್ಯೋಗ ಇನ್ಶೂರೆನ್ಸ್ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು, ಅಂದರೆ ಟೆಸ್ಟಿಂಗ್. ಬೇರೆಯವರ ತಪ್ಪು ತೋರಿಸಿ ಸಂಬಳ ತಿನ್ನುವವನಿಗೆ ಸ್ನೇಹಿತರು ಕಡಿಮೆ. ಹೀಗಿರುವಾಗ ಎಚ್‌ಆರ್‌ನ ಹೆಂಗಸೊಬ್ಬಳು "ನೀನು ಮೈಸೂರಿನವನಂತೆ! ಯೋಗದ ಮೈಸೂರು!" ಎಂದು ಕಣ್ಣರಳಿಸಿದಾಗ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಗೋಕುಲಂನ ರಸ್ತೆಗಳಲ್ಲಿ ವಿದೇಶಿಯರು ಚಾಪೆ ಸುತ್ತಿಕೊಂಡು ಸ್ಕೂಟರಿನಲ್ಲಿ ಹೋಗುವುದನ್ನು ಅವನು ಕಾಫಿ ಕುಡಿಯುತ್ತಾ ನೋಡಿದ್ದ. ಯೋಗದೊಡನೆ ಅವನ ನಂಟು ಅಷ್ಟು. ಅದರ ಜೊತೆಗೆ ಉಪನಯನದಲ್ಲಿ ಪುರೋಹಿತರು ಮೂಗು ಹಿಡಿಸಿದ್ದರು. ಈ ಬಂಡವಾಳದ ಮೇಲೆ ಪ್ರತಿ ಬುಧವಾರ ಮಧ್ಯಾಹ್ನ ಕಾನ್ಫರೆನ್ಸ್ ರೂಮಿನಲ್ಲಿ ಸುಮಾರು ಇಪ್ಪತ್ತು ಮಂದಿಗೆ "ಎದೆ ಉಬ್ಬಿಸಿ, ಹೊಟ್ಟೆ ಒಳಗೆ" ಎಂದು ಪಾಠ ಹೇಳುತ್ತಿದ್ದ. ಯಾರೂ ದೂರು ಕೊಡಲಿಲ್ಲ. ಪಾಠ ಮುಗಿಸಿ, ಹಿಗ್ಗಿನ್ಸ್ ರೋಡೆಂಬ ಒಳರಸ್ತೆಯಲ್ಲಿ ನಿಧಾನವಾಗಿ ಮನೆಗೆ ಬರುತ್ತಿದ್ದ.

ಹೆಂಡತಿ ವಿನಿತಾಳಿಗೆ ಮಿಷಿಗನ್ನಿನ ಲಿವೋನಿಯಾದಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತು. ಅವಳು ಅಲ್ಲಿ, ಇವನು ಇಲ್ಲಿ, ನಡುವೆ ಮುನ್ನೂರು ಮೈಲಿಯಷ್ಟು ದೂರ. ಇವನ ಕಂಪನಿಯವರು ಅಲ್ಲಿಂದಲೇ ಕೆಲಸ ಮಾಡಲು ಬಿಡರು. ವೀಸಾದ ಕಾಗದಪತ್ರ ನಡೆಯುತ್ತಿರುವಾಗ ಹೊಸ ಕೆಲಸ ಹುಡುಕಲು ಇವನಿಗೆ ಧೈರ್ಯವಿಲ್ಲ. ಹದಿನೈದು ದಿನಕ್ಕೊಮ್ಮೆ ಚಿಕಾಗೋದಿಂದ ಟ್ರೈನು ಹತ್ತುತ್ತಿದ್ದ. ಡಿಯರ್‌ಬಾರ್ನ್ ಸ್ಟೇಷನ್ನಿಗೆ ಅವಳೇ ಕಾರಿನಲ್ಲಿ ಬಂದು ಕರೆದೊಯ್ಯುತ್ತಿದ್ದಳು. "ಟ್ರೈನಲ್ಲಿ ಲ್ಯಾಪ್‌ಟಾಪ್ ತೆಗೀಬಹುದು ನೋಡು" ಎನ್ನುತ್ತಿದ್ದ ಇವನು. ಲ್ಯಾಪ್‌ಟಾಪ್ ತೆಗೆದದ್ದನ್ನು ಯಾರೂ ನೋಡಿಲ್ಲ.

ಅಕ್ಟೋಬರಿನಲ್ಲಿ ವಿನಿತಾಳ ಬಸಿರಿಗೆ ಏಳು ತಿಂಗಳಾಯಿತು. ಒಂದು ಭಾನುವಾರ ಬೆಳಿಗ್ಗೆ ಫೋನು ಮಾಡಿದಳು.

"ರಘು, ಡಾಕ್ಟರು ಇನ್ಮೇಲೆ ದೂರ ಡ್ರೈವ್ ಮಾಡ್ಬೇಡಿ ಅಂದ್ರು. ಸ್ಟೇಷನ್ನಿಗೆ ಬರೋಕಾಗಲ್ಲ ನಾನು."

"ಪರವಾಗಿಲ್ಲ ಬಿಡು, ಊಬರ್ ಮಾಡ್ಕೊಂಡು ಬರ್ತೀನಿ."

"ಊಬರಲ್ಲಿ ತೊಟ್ಟಿಲು ತರ್ತೀಯಾ?"

ತೊಟ್ಟಿಲಿನ ಸಂಗತಿ ಹೇಳಬೇಕು. ವುಡ್‌ರಿಡ್ಜಿನ ಸುಹಾಸಿನಿ ಆಂಟಿ, ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವರು, ಮೊದಲ ಮಗಳು ಹುಟ್ಟಿದಾಗ ಬೆಂಗಳೂರಿನಿಂದ ಹಡಗಿನಲ್ಲಿ ಒಂದು ಬೀಟೆ ಮರದ ತೊಟ್ಟಿಲು ತರಿಸಿದ್ದರು. ಆಮೇಲೆ ಅದು ಅವರ ಮನೆಯಲ್ಲಿ ನಿಂತದ್ದೇ ಕಡಿಮೆ. ನೇಪರ್‌ವಿಲ್ಲಿನಲ್ಲಿ ಹೆರಿಗೆಯಾದರೆ ಅಲ್ಲಿಗೆ, ಅರೋರಾದಲ್ಲಾದರೆ ಅಲ್ಲಿಗೆ. ಈ ಕಡೆಯ ಕನ್ನಡದ ಮಕ್ಕಳಲ್ಲಿ ಅರ್ಧಕ್ಕರ್ಧ ಅದರಲ್ಲೇ ಮಲಗಿ, ಎದ್ದು, ಈಗ ಇಂಗ್ಲಿಷಿನಲ್ಲಿ ತಂದೆತಾಯಿಗೆ ಬುದ್ಧಿ ಹೇಳುತ್ತಿದ್ದಾರೆ. ಈ ಸಲ ಸರದಿ ವಿನಿತಾಳದು. ಸೀಮಂತ ಮುಂದಿನ ತಿಂಗಳ ಮೊದಲ ಶನಿವಾರ. ಅದಾದ ವಾರಕ್ಕೆ ಆಂಟಿ ಮಗಳ ಮನೆಗೆಂದು ಟೆಕ್ಸಾಸಿಗೆ ಹೊರಡುವವರು.

"ತೊಟ್ಟಿಲು ಬಿಡು," ಎಂದಳು ವಿನಿತಾ, ಸ್ವರ ತಗ್ಗಿಸಿ. "ಡಿಸೆಂಬರಲ್ಲಿ ನಂಗೆ ನೋವು ಶುರುವಾದ್ರೆ? ಟ್ರೈನ್ ಟೈಮ್ ನೋಡ್ತಾ ಕೂತ್ಕೋತೀಯಾ?"

ದಿನಕ್ಕೆ ಹೋಗುವುದೇ ಬೆರಳೆಣಿಕೆಯ ಟ್ರೈನು. ಆ ಪ್ರಶ್ನೆ ಅವನು ತನಗೆ ತಾನೇ ಹಾಕಿಕೊಳ್ಳದೆ ಬಹಳ ದಿನದಿಂದ ತಪ್ಪಿಸಿಕೊಂಡಿದ್ದ, ರ್ಯಾಂಪು ತಪ್ಪಿಸಿದ ಹಾಗೆಯೇ.

ಮುಂದಿನ ಶನಿವಾರ ತೊಟ್ಟಿಲು ಕಾರಿಗೆ ಹಿಡಿಸುತ್ತದೆಯೇ ನೋಡಲು ವುಡ್‌ರಿಡ್ಜಿಗೆ ಹೋದ, ಒಳರಸ್ತೆಗಳಲ್ಲೇ. ಆಂಟಿ ಬಾಗಿಲಲ್ಲೇ ನಿಂತಿದ್ದರು.

"ಏನೋ, 355 ಹೈವೇಲಿ ಅರ್ಧ ಗಂಟೆ ದಾರಿ. ಹೊರಟೆ ಅಂತ ಮೆಸೇಜ್ ಹಾಕಿದ್ಮೇಲೆ ನಾನು ಚಿತ್ರಾನ್ನ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡಿದೆ. ಟೋಲ್ ಉಳಿಸಿದ್ಯಾ?"

"ಹ್ಞೂಂ ಆಂಟಿ."

"ಪೆಟ್ರೋಲ್ ಎಷ್ಟು ಸುಟ್ಟೆ ಅಂತ ನೋಡ್ಕೊಂಡ್ಯಾ? ಸರಿ, ತಿನ್ನು. ಆಮೇಲೆ ನನ್ನನ್ನ ವೆಸ್ಟ್‌ಮಾಂಟಿಗೆ ಬಿಡು, ಮಂಡಿಗೆ ಸೂಜಿ ಹಾಕಿಸ್ಕೋಬೇಕು. ಅಂಕಲ್ ಗಾಲ್ಫ್ ಅಂತ ಕಾರು ತಗೊಂಡು ಹೋಗಿದಾರೆ."

ಕಾರಿನಲ್ಲಿ ಆಂಟಿ ದಾರಿ ತೋರಿಸಿದರು. "ಅಗೋ ರ್ಯಾಂಪು, ಬಲಕ್ಕೆ ತಗೋ." ರಘೋತ್ತಮ ನೇರ ಹೋದ. "ಅಯ್ಯೋ, ಮಿಸ್ ಆಯ್ತಲ್ಲ ಆಂಟಿ." ಆಂಟಿ ಸುತ್ತು ಹಾಕಿಸಿ ಅದೇ ರ್ಯಾಂಪಿಗೆ ಮತ್ತೆ ಕರೆತಂದರು. ಅವನು ಮತ್ತೆ ನೇರ ಹೋದ. ಈ ಸಲ ಅವರು ರಸ್ತೆ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದರು. ಅವನ ಭುಜಗಳು ಕಿವಿಗೆ ತಾಗಿದ್ದವು. ಸ್ಟಿಯರಿಂಗನ್ನು, ಬಾವಿಗೆ ಬಿದ್ದವನು ಹಗ್ಗ ಹಿಡಿದ ಹಾಗೆ ಹಿಡಿದಿದ್ದ.

"ಉಸಿರು ಬಿಡೋ!" ಎಂದರು.

ಬಿಟ್ಟ. ಟಯರಿನ ಗಾಳಿ ಹೋದ ಸದ್ದಾಯಿತು.

"ಇದು ಮಿಸ್ ಆಗೋದಲ್ಲ ಕಣೋ. ಟೋಲೂ ಅಲ್ಲ." ಸೀಟಿನಲ್ಲಿ ಅವನ ಕಡೆಗೇ ತಿರುಗಿ ಕೂತರು. "ವಿನಿತಾಗೆ ಗೊತ್ತಾ?"

"ಇಲ್ಲ."

"ಒಳ್ಳೆ ಗಂಡ. ಒಳರಸ್ತೆಲೇ ನಡಿ. ನಂಗೆ ಸೂಜಿ, ನಿಂಗೂ ಅಲ್ಲೇ ಏನಾದ್ರೂ ಸಿಗತ್ತೆ."

ಡಾಕ್ಟರ್ ಲಿಯು ಅವರ ಚೀನೀ ವೈದ್ಯಶಾಲೆ ಒಂದು ಸ್ಟ್ರಿಪ್ ಮಾಲಿನಲ್ಲಿ, ಇಸ್ತ್ರಿ ಅಂಗಡಿಗೂ ಡೋನಟ್ ಅಂಗಡಿಗೂ ನಡುವೆ ಇತ್ತು. ಒಳಗೆ ಒಣಬೇರಿನ ವಾಸನೆ. ನಮ್ಮ ಗ್ರಂಧಿಗೆ ಅಂಗಡಿಯ ವಾಸನೆಯೇ, ಬೇರೆ ಭಾಷೆಯಲ್ಲಿ. ಅರವತ್ತರ ಆಸುಪಾಸಿನ ಆ ಹೆಂಗಸು ಆಂಟಿಯ ಮಂಡಿಗೆ ಸೂಜಿ ನೆಟ್ಟು ಮಲಗಿಸಿ ಇವನ ಕಡೆ ತಿರುಗಿದರು. ನಾಲಿಗೆ ಚಾಚಿಸಿದರು. ಎರಡೂ ಕೈಯ ನಾಡಿ ಹಿಡಿದು ಬಹಳ ಹೊತ್ತು ಗೋಡೆ ನೋಡಿದರು. ಆಮೇಲೆ, ದೀರ್ಘವಾಗಿ ಒಮ್ಮೆ ಉಸಿರು ತೆಗೆದುಕೋ ನೋಡೋಣ ಎಂದರು.

ಇದು ತನ್ನ ಕ್ಷೇತ್ರವೆಂದು ರಘೋತ್ತಮನಿಗೆ ಹುರುಪು ಬಂತು. ಎದೆ ಉಬ್ಬಿಸಿದ, ಹೊಟ್ಟೆ ಬೆನ್ನಿಗಂಟುವಂತೆ ಒಳಗೆಳೆದ, ಭುಜ ಏರಿಸಿದ. ಬುಧವಾರದ ಶಿಷ್ಯರು ಕಂಡಿದ್ದರೆ ಹೆಮ್ಮೆಪಡುತ್ತಿದ್ದರು.

ತಲೆಕೆಳಗು, ಎಂದರು ಡಾಕ್ಟರ್ ಲಿಯು.

ತಾನು ಮೈಸೂರಿನವನೆಂದೂ, ವಾರವಾರ ಇಪ್ಪತ್ತು ಮಂದಿಗೆ ಇದನ್ನೇ ಕಲಿಸುತ್ತಿರುವುದಾಗಿಯೂ ಅವನು ತಿಳಿಸಿದ. ಆಕೆ ಕ್ಷಣ ಕಣ್ಣು ಮುಚ್ಚಿ, ಪಾಪ ಇಪ್ಪತ್ತು ಮಂದಿ ಎಂದರು. ಆಮೇಲೆ ಹೊಕ್ಕುಳಿನಿಂದ ಮೂರು ಬೆರಳು ಕೆಳಗೆ ಅವನ ಕೈಯನ್ನೇ ಇಡಿಸಿದರು. ಅವರಲ್ಲಿ ಆ ಜಾಗಕ್ಕೆ ದಾನ್‌ತಿಯೆನ್ ಎನ್ನುತ್ತಾರಂತೆ. ಮೈಯ ಶಕ್ತಿಯ ಕಣಜ ಅದು. ಭಯ ಮನೆ ಮಾಡುವುದು ಮೂತ್ರಪಿಂಡದಲ್ಲಿ, ಉಸಿರನ್ನು ಕೆಳಕ್ಕೆ ಹಿಡಿದಿಡುವುದೂ ಅದರದೇ ಕೆಲಸ. ಭಯ ಹೆಚ್ಚಾದರೆ ಹಿಡಿತ ಸಡಿಲಿ ಉಸಿರು ಮೇಲಕ್ಕೇ ಉಳಿಯುತ್ತದೆ. ಒಳಗೆ ತೆಗೆದುಕೊಂಡಾಗ ಆ ಜಾಗ ಉಬ್ಬಬೇಕು, ಬಿಟ್ಟಾಗ ಇಳಿಯಬೇಕು, ಮೂಗಿನಲ್ಲೇ, ಸದ್ದಿಲ್ಲದೆ, ಅವಸರವಿಲ್ಲದೆ. ಸೊಂಟಕ್ಕೆ ಬಿಗಿಯಾದದ್ದು ಏನೂ ಇರಬಾರದು.

"ಇದು ನಮ್ಮ ಪ್ರಾಣಾಯಾಮದಲ್ಲೂ ಇದೆಯಲ್ಲ," ಎಂದ ರಘೋತ್ತಮ. ದೇಶದ ಮರ್ಯಾದೆಯ ಪ್ರಶ್ನೆ.

ಇರಬಹುದು, ಎಂದರು ಆಕೆ. ನಿನಗೆ ಬರುತ್ತದೆಯೆ?

ಪರದೆಯ ಆ ಕಡೆಯಿಂದ, ಸೂಜಿ ಚುಚ್ಚಿಸಿಕೊಂಡು ಅಲ್ಲಾಡದೆ ಮಲಗಿದ್ದ ಆಂಟಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಹೊರಡುವಾಗ ಡಾಕ್ಟರ್ ಲಿಯು ಒಂದೇ ಉಪಾಯ ಹೇಳಿದರು: ಅಂಗಾತ ಮಲಗಿ ಆ ಜಾಗದ ಮೇಲೆ ಸಣ್ಣ ಅಕ್ಕಿಚೀಲ ಇಟ್ಟುಕೋ, ಉಸಿರಿನಿಂದ ಅದನ್ನು ಎತ್ತಿ ಇಳಿಸು. ಭಯ ಹೋಗುತ್ತದೆಯೇ ಎಂದು ಕೇಳಿದ. ಹೋಗಬೇಕೆಂದು ಯಾರು ಹೇಳಿದರು, ಅದಕ್ಕೂ ಕೂರಲು ಕೆಳಗೆ ಜಾಗ ಬೇಕು, ಮಾಡಿಕೊಡು ಎಂದರು.

ಮನೆಯಲ್ಲಿದ್ದ ಸೋನಾ ಮಸೂರಿಯಿಂದ ನಾಲ್ಕು ಪಾವು ಅಕ್ಕಿ ಅಳೆದು, ಧಾರೆಗೆ ಉಟ್ಟಿದ್ದ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದ. ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಮಲಗಿ ಹೊಟ್ಟೆಯ ಮೇಲಿಟ್ಟುಕೊಂಡ. ಅಕ್ಕಿ ಮಿಸುಕಲಿಲ್ಲ. ಎದೆ ಮಾತ್ರ ಜೋರಾಗಿ ಏರಿಳಿಯಿತು. ಟೆಸ್ಟರ್ ಬುದ್ಧಿಯಿಂದ ಫೋನಿನಲ್ಲಿ ವಿಡಿಯೋ ಮಾಡಿ ನೋಡಿದ: ಉಸಿರು ತೆಗೆದಾಗಲೆಲ್ಲ ಹೊಟ್ಟೆ ತಾನಾಗಿ ಒಳಗೆ ಹೋಗಿ ಅವಿತುಕೊಳ್ಳುತ್ತಿತ್ತು. ಅದರ ತಪ್ಪಲ್ಲ. ಮೈಸೂರಿನ ಮನೆಯಲ್ಲಿ ಯಾರಾದರೂ ಕ್ಯಾಮೆರಾ ಎತ್ತಿದರೆ ಅಮ್ಮ ಮೊದಲು ಹೇಳುತ್ತಿದ್ದುದೇ "ಹೊಟ್ಟೆ ಎಳ್ಕೋ". ಹುಡುಗಿ ನೋಡಲು ಹೋದಾಗ ಚಿಕ್ಕಪ್ಪ ಹೇಳಿದ್ದೂ ಅದನ್ನೇ. ಮದುವೆಯಾಗಿ, ಕೆಲಸ ಸಿಕ್ಕಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತರೂ ಬಿಟ್ಟುಬಿಡು ಎಂದು ಯಾರೂ ಹೇಳಲಿಲ್ಲ. ಅವನು ಎಳೆದುಕೊಂಡೇ ಇದ್ದ.

ದಿನಾ ಸಂಜೆ ಮಲಗಿದ, ದಿನಾ ಅಕ್ಕಿಯೇ ಗೆದ್ದಿತು. ಒಂದು ದಿನ ಹಾಗೆ ಮಲಗಿದ್ದಾಗಲೇ ವಿನಿತಾಳ ಫೋನು ಬಂತು. ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡ.

"ಏನ್ಮಾಡ್ತಿದೀಯ?"

"ಸುಮ್ನೆ ಮಲಗಿದೀನಿ. ನೀನು?"

"ನಾನೂ ಮಲಗಿದೀನಿ. ಹೊಟ್ಟೆ ಮೇಲೆ ಚಕ್ಲಿ ಬಟ್ಲು ಇಟ್ಕೊಂಡು ಟೀವಿ ನೋಡ್ತಿದ್ದೆ ಕಣೋ, ನಿನ್ನ ಮಗು ಒಳಗಿಂದ ಒದ್ದು ಬೀಳಿಸ್ತು. ಕಾರ್ಪೆಟ್ ತುಂಬಾ ಚಕ್ಲಿ."

ರಘೋತ್ತಮ ನಕ್ಕ. ನಕ್ಕಾಗ ಅಕ್ಕಿಯ ಗಂಟು ಕುಣಿಯಿತು. ನಗು ನಿಂತ ಮೇಲೂ, ಅವನು ಅದರ ಯೋಚನೆ ಬಿಟ್ಟಿದ್ದರಿಂದಲೋ ಏನೋ, ಮೆಲ್ಲಗೆ ಏರಿತು, ಇಳಿಯಿತು.

"ವಿನೀ, ನನ್ನ ಹೊಟ್ಟೆ ಮೇಲೆ ಅಕ್ಕಿ ಇದೆ. ಈಗ ಮೇಲೆದ್ತು."

"ಗೊತ್ತು. ಸುಹಾಸಿನಿ ಆಂಟಿ ಹೇಳಿದ್ರು."

"ಎಲ್ಲಾನೂ?"

"ಅವರು ಹೇಳೋಕ್ ಮುಂಚೇನೇ ಗೊತ್ತಿತ್ತು ಬಿಡು. ಹೋದ ವರ್ಷ ಮಿಲ್ವಾಕಿಗೆ ಕರ್ಕೊಂಡು ಹೋದೆಯಲ್ಲ, ಹಳ್ಳಿ ಹಳ್ಳಿ ತೋರಿಸ್ಕೊಂಡು? ಮೊದಲು ಅಂದ್ಕೊಂಡೆ, ಎಂಥ ರೋಮ್ಯಾಂಟಿಕ್ ಗಂಡ ಅಂತ. ನಾಲ್ಕನೇ ಜೋಳದ ಹೊಲ ಬಂದಾಗ ಅರ್ಥ ಆಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ," ಎಂದಳು. ಚಕ್ಕುಲಿ ಕಡಿಯುವ ಸದ್ದು ಕೇಳಿಸಿತು. "ಬಾ ರಘು. ನಿಧಾನಕ್ಕೇ ಬಾ. ಆದ್ರೆ ಬಾ."

ಆ ಬುಧವಾರ ಕಾನ್ಫರೆನ್ಸ್ ರೂಮಿನಲ್ಲಿ ಅವನು ಎಲ್ಲರ ಮುಂದೆ, ನಾನು ಇಷ್ಟು ದಿನ ಹೇಳಿದ್ದು ತಲೆಕೆಳಗು, ಹೊಟ್ಟೆ ಬಿಡಿ ಎಂದ. ಆಮೇಲೆ ಎಚ್‌ಆರ್‌ನ ಹೆಂಗಸು ಭಕ್ತಿಯಿಂದ ಕೈ ಜೋಡಿಸಿ, ಇದು ಎರಡನೆಯ ಹಂತವೇ ಎಂದು ಕೇಳಿದಳು. ಇಪ್ಪತ್ತು ಮಂದಿ ಬೆಲ್ಟು ಸಡಿಲಿಸಿದರು. ಗುರುಪಟ್ಟದಿಂದ ಇಳಿಯಲು ಹೋದವನಿಗೆ ಬಡ್ತಿ ಸಿಕ್ಕಿತು.

ಸೀಮಂತದ ಶನಿವಾರ ಬೆಳಗಾಗುತ್ತಲೇ ವುಡ್‌ರಿಡ್ಜಿನಲ್ಲಿದ್ದ. ಹಿಂದಿನ ಸೀಟು ಮಡಿಸಿ, ಅಂಕಲ್ ಒಂದು ಕಡೆ ತಾನೊಂದು ಕಡೆ ಹಿಡಿದು ತೊಟ್ಟಿಲು ಒಳಗಿಟ್ಟರು. ಆಂಟಿ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ಟು ಹಾಕಿಕೊಂಡು ಬಂದು ಬಗ್ಗಿ ನೋಡಿದರು.

"ಖಾಲಿ ತೊಟ್ಟಿಲು ಒಯ್ಯಬಾರದು ಕಣೋ. ನಾವು ಯಾವಾಗ್ಲೂ ಗುಂಡುಕಲ್ಲು ಇಡ್ತಿದ್ವಿ, ಅದನ್ನ ಅರೋರಾದವರು ವಾಪಸ್ ಕೊಟ್ಟಿಲ್ಲ. ಏನಾದ್ರೂ ಇದ್ಯಾ?"

ಮುಂದಿನ ಸೀಟಿನಲ್ಲಿ ಅಕ್ಕಿಯ ಗಂಟು ಇತ್ತು. ಅವನು ಕೊಟ್ಟ. ಆಂಟಿ ಅದನ್ನು ಮಗುವಿನ ಹಾಗೆ ಮಲಗಿಸಿ, ಸುತ್ತ ಟವಲ್ ಒತ್ತಿದರು. "ಅಲ್ಲಿ ಮನೆಯೊಳಗೆ ಬೇಡ, ಹುಟ್ಟೋವರೆಗೂ ಗರಾಜಲ್ಲಿ ಇರ್ಲಿ. ಹುಟ್ಟೋಕ್ ಮುಂಚೆ ಮನೆಗೆ ತೊಟ್ಟಿಲು ತರಬಾರದು."

"ಗರಾಜು ಮನೆಯಲ್ವಾ ಆಂಟಿ?"

"ಶಾಸ್ತ್ರ ಬರೆದವರಿಗೆ ಗರಾಜು ಗೊತ್ತಿರಲಿಲ್ಲ. ನಡಿ." ಆಮೇಲೆ ಅವನ ಕಾಲು ನೋಡಿದರು. "ಇದೇನೋ, ಪೈಜಾಮದಲ್ಲಿ ಬಂದಿದೀಯ?"

"ಸೊಂಟಕ್ಕೆ ಬಿಗಿ ಇರಬಾರದಂತೆ."

ಆಂಟಿ ಪಕ್ಕದಲ್ಲಿ ಕೂತು, ಬೆಲ್ಟು ಹಾಕಿಕೊಂಡು, "ನಂಗೆ ರಾತ್ರಿ ನಿದ್ದೆ ಇಲ್ಲ, ಇಂಡಿಯಾನ ದಾಟಿದ ಮೇಲೆ ಎಬ್ಬಿಸು" ಎಂದು ಕಣ್ಣು ಮುಚ್ಚಿಬಿಟ್ಟರು.

ರ್ಯಾಂಪಿನ ಹಸಿರು ಬೋರ್ಡು ಬಂತು. ಉಸಿರು ಎಂದಿನಂತೆ ಫುಟ್‌ಬೋರ್ಡು ಹತ್ತಿತು. ಅವನು ಮೊದಲು ಬಿಟ್ಟ, ಇದ್ದಷ್ಟನ್ನೂ. ಆಮೇಲೆ ತೆಗೆದುಕೊಳ್ಳಲು ಹೋದರೆ ಹೊಟ್ಟೆ ಮತ್ತೆ ಒಳಗೆ ಓಡುತ್ತಿತ್ತು. ಪಕ್ಕದಲ್ಲಿ ಆಂಟಿಯ ಜಾಕೆಟ್ಟು ಸೀಟ್ ಬೆಲ್ಟಿನ ಕೆಳಗೆ ಮೆಲ್ಲಗೆ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಅವನು ಅದನ್ನೇ ಕಿರುಗಣ್ಣಿನಲ್ಲಿ ಹಿಡಿದುಕೊಂಡ. ಅದು ಉಬ್ಬಿದಾಗ ಉಬ್ಬಿಸಿದ, ಇಳಿದಾಗ ಇಳಿಸಿದ. ಕಾರು ಬಲಕ್ಕೆ ತಿರುಗಿತು. ಕನ್ನಡಿಯಲ್ಲಿ ಒಂದು ಟ್ರೇಲರ್ ಲಾರಿ ದೊಡ್ಡದಾಗುತ್ತಾ ಬಂತು. ಅದರ ಹಿಂದೆ ಜಾಗವಿತ್ತು. ಕಾದ, ನುಗ್ಗಿದ, ಸೇರಿಕೊಂಡ.

ಭಯ ಹೋಯಿತೆಂದಲ್ಲ. ಇಂಡಿಯಾನದ ಗ್ಯಾರಿ ಊರಿನ ಹತ್ತಿರ, ಲಾರಿಗಳು ಮದುವೆ ದಿಬ್ಬಣದಂತೆ ಸಾಲುಗಟ್ಟಿದ್ದಲ್ಲಿ, ಅಂಗೈ ಬೆವತು ಸ್ಟಿಯರಿಂಗ್ ಜಾರುತ್ತಿತ್ತು. ಬಲಗಡೆಯ ಲೇನು ಬಿಡದೆ ಐವತ್ತೈದರಲ್ಲಿ ಹೋದ. ಹಿಂದಿನವರು ಹಾರ್ನಿನಲ್ಲಿ ಅವನ ವಂಶಾವಳಿ ಓದಿದರು. ಆದರೆ ಭಯ ಈಗ ಗಂಟಲಲ್ಲಿ ಇರಲಿಲ್ಲ. ಎಲ್ಲೋ ಕೆಳಗೆ, ಪೈಜಾಮದ ಲಾಡಿಯ ಹತ್ತಿರ, ಟಿಕೆಟ್ ತೆಗೆದುಕೊಂಡ ಪ್ರಯಾಣಿಕನಂತೆ ಕೂತಿತ್ತು.

ಮಿಷಿಗನ್ ಗಡಿ ದಾಟಿದ ಮೇಲೆ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, "ಆಂಟಿ, ಏಳಿ. ಇಂಡಿಯಾನ ದಾಟಿದ್ವಿ" ಎಂದ.

ಆಂಟಿ ಥಟ್ಟನೆ ಕಣ್ಣು ಬಿಟ್ಟರು. ನಿದ್ದೆಯ ಗುರುತೇ ಇಲ್ಲದ ಕಣ್ಣು.

"ನೀವು ಮಲಗಿರಲಿಲ್ವಾ?"

"ನೀನು ಡ್ರೈವ್ ಮಾಡ್ತಿದ್ರೆ ಯಾರಿಗೋ ನಿದ್ದೆ ಬರತ್ತೆ? ಒಳಗೊಳಗೇ ರಾಮನಾಮ ಹೇಳ್ತಿದ್ದೆ." ಬಾಗಿಲು ತೆಗೆದು ಇಳಿಯುತ್ತಾ ಮಂಡಿ ಹಿಡಿದುಕೊಂಡರು. "ಹೊಟ್ಟೆ ಉಬ್ಬಿಸಿ ಉಬ್ಬಿಸಿ ನಂಗೆ ಸಾಕಾಯ್ತಪ್ಪ. ಕಾಫಿ ಕೊಡ್ಸು."

ಲಿವೋನಿಯಾ ಮುಟ್ಟುವಾಗ, ಗಡಿಯಾರವೂ ಅಲ್ಲಿ ಒಂದು ಗಂಟೆ ಮುಂದಿದ್ದುದರಿಂದ, ಆರತಿ ಆಗಿಹೋಗಿತ್ತು. ಹೆಂಗಸರು ಬಳೆ ತೊಡಿಸುತ್ತಿದ್ದರು. ವಿನಿತಾ ಹಸಿರು ಸೀರೆಯಲ್ಲಿ, ಕೈತುಂಬ ಹಸಿರು ಗಾಜಿನ ಬಳೆಯಲ್ಲಿ, ಕುರ್ಚಿಯಿಂದಲೇ ಕಿಟಕಿಯಾಚೆ ಡ್ರೈವ್‌ವೇ ನೋಡುತ್ತಿದ್ದಳು. ಅವನ ಕಾರು ಬಂದು ನಿಂತಿತು. ಬಳೆ ತೊಡಿಸುತ್ತಿದ್ದವರಿಗೆ, ಇವಳು ಇಷ್ಟು ಹೊತ್ತು ಬಿಗಿಹಿಡಿದಿದ್ದ ಕೈ ಸಡಿಲವಾಯಿತೆಂದು ತಿಳಿದಿರಬೇಕು. ಬಳೆ ಸರಕ್ಕನೆ ಒಳಗೆ ಹೋಯಿತು.

ತೊಟ್ಟಿಲು ಗರಾಜು ಸೇರಿತು, ಅಕ್ಕಿಯ ಗಂಟಿನ ಸಮೇತ. ಬಟ್ಟೆ ಬದಲಿಸಲು ಬಿಡದೆ ಅವನನ್ನು ಎಳೆದುಕೊಂಡು ಬಂದು ವಿನಿತಾಳ ಪಕ್ಕ ನಿಲ್ಲಿಸಿದರು. ವಿಡಿಯೋ ಕಾಲಿನಲ್ಲಿ ಮೈಸೂರಿನಿಂದ ಅಮ್ಮ ನೋಡುತ್ತಿದ್ದರು. ಯಾರೋ ಕ್ಯಾಮೆರಾ ಎತ್ತಿದರು.

"ರಘೂ, ಹೊಟ್ಟೆ ಎಳ್ಕೋ!" ಎಂದಿತು ಫೋನು.

"ಎಳ್ಕೋಬೇಡ," ಎಂದಳು ವಿನಿತಾ, ತುಟಿ ಅಲ್ಲಾಡಿಸದೆ.

ಆ ಫೋಟೋ ಈಗ ಲಿವೋನಿಯಾದ ಮನೆಯ ಫ್ರಿಜ್ಜಿನ ಮೇಲಿದೆ. ಹೂ ಮುಡಿದ ಹೆಂಡತಿ, ಪೈಜಾಮದ ಗಂಡ, ಇಬ್ಬರ ಹೊಟ್ಟೆಯೂ ಮುಂದಕ್ಕೆ ಬಂದಿದೆ. ನೋಡಿದವರು, ಇವರಲ್ಲಿ ಯಾರಿಗೆ ಸೀಮಂತ ಎಂದು ಕೇಳುತ್ತಾರೆ.